ತುಕ್ಕಿನ ಉಪಮೆ ಮತ್ತು ಮುದಿ ಇಲಿಯ ಈಜು

ಪೀಣ್ಯದ ಕೈಗಾರಿಕಾ ಬಡಾವಣೆಯಲ್ಲಿ ತುಕ್ಕೆಂಬುದು ದಿನನಿತ್ಯದ ವ್ಯವಹಾರದ ಮಾತು. ಲೇತಿನಿಂದ ಇಳಿದ ಉಕ್ಕಿನ ತುಂಡು ಮಳೆಗಾಲದ ಒಂದು ರಾತ್ರಿ ಬಯಲಿನಲ್ಲಿ ಉಳಿದರೆ ಸಾಕು, ಬೆಳಗಾಗುವಷ್ಟರಲ್ಲಿ ಅದರ ಮೈಗೆ ಕೆಂಪು ಹತ್ತಿರುತ್ತದೆ. ಅದಕ್ಕಾಗಿಯೇ ಅಲ್ಲಿ ಎಣ್ಣೆ ಸವರುವವರಿದ್ದಾರೆ, ಬಣ್ಣ ಬಳಿಯುವವರಿದ್ದಾರೆ, ಸತುವಿನ ಇಲ್ಲವೆ ನಿಕ್ಕಲಿನ ಲೇಪ ಕೊಡುವ ಪ್ಲೇಟಿಂಗ್ ಅಂಗಡಿಗಳಿವೆ. ಕಬ್ಬಿಣವನ್ನು ಗಾಳಿ ನೀರುಗಳಿಂದ ಕಾಪಾಡುವುದೇ ಎಷ್ಟೋ ಸಂಸಾರಗಳ ಅನ್ನದ ದಾರಿಯಾಗಿದೆ. ಅಂಥ ಸೀಮೆಯಲ್ಲಿ ನಿಂತು ‘ಮನುಷ್ಯನ ಮುಪ್ಪೂ ಒಂದು ಬಗೆಯ ತುಕ್ಕೇ’ ಎಂದು ಯಾರಾದರೂ ಹೇಳಿದರೆ ಆ ಮಾತು ಥಟ್ಟನೆ ನಾಟುತ್ತದೆ. ತುಕ್ಕಾದರೆ ಅದನ್ನು ತಡೆಯುವ ಲೇಪವೂ ಇರಬೇಕಲ್ಲವೆ? ಲೇಪವಿದ್ದರೆ ಅದಕ್ಕೊಂದು ಬೆಲೆ, ಅದನ್ನು ಮಾರುವುದಕ್ಕೊಂದು ಅಂಗಡಿ. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಔಷಧದ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ‘ಆಂಟಿ ಆಕ್ಸಿಡೆಂಟ್’ ಎಂಬ ಹೆಸರು ಹೊತ್ತು ಸಾಲುಗಟ್ಟಿರುವ ಸೀಸೆಗಳು ಈ ಉಪಮೆಯ ಬಲದಿಂದಲೇ ಬದುಕುತ್ತಿವೆ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವನಾದ ನನಗೆ ಈ ಉಪಮೆಯ ಮೇಲೆ ಒಂದು ತಕರಾರು ಇದೆ. ಅದು ಪೂರ್ತಿ ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ದಿನ ಬಾಳುತ್ತಿರಲಿಲ್ಲ. ಅದರಲ್ಲಿರುವ ನಿಜವೆಷ್ಟು ಎಂಬುದನ್ನು ಪ್ರಯೋಗಾಲಯದ ಪ್ರಾಣಿಗಳು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ನಮಗೆ ತಿಳಿಸಿಕೊಟ್ಟಿವೆ. ಆ ಪ್ರಾಣಿಗಳಲ್ಲಿ ಕೆಲವು ನಮ್ಮ ಬೆಂಗಳೂರಿನವೇ. ಆದರೆ ಅವು ತಿಳಿಸಿಕೊಟ್ಟ ವಿಷಯ ಕನ್ನಡದಲ್ಲಿ ನಮ್ಮ ಮನೆಗಳಿಗೆ ಬಂದಿಲ್ಲ. ಸೀಸೆ ಮಾತ್ರ ಬಂದಿದೆ.

ಮೊದಲು ವಿಷಯವನ್ನು ಆದಷ್ಟು ಸರಳವಾಗಿ ಹೇಳುತ್ತೇನೆ. ನಾವು ಸೇವಿಸುವ ಆಮ್ಲಜನಕದ ಬಹುಪಾಲು ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮ ಅಂಗಗಳಲ್ಲಿ ಅನ್ನವನ್ನು ಶಕ್ತಿಯಾಗಿ ಮಾರ್ಪಡಿಸುವುದಕ್ಕೆ ನೆರವಾಗಿ, ಕೊನೆಗೆ ನೀರಾಗಿ ಮುಗಿಯುತ್ತದೆ. ಆದರೆ ಯಾವ ಒಲೆಯಲ್ಲಿಯೂ ಕಿಡಿ ಹಾರುವುದುಂಟು. ಆಮ್ಲಜನಕದ ಅಲ್ಪ ಭಾಗವು ದಾರಿಯಲ್ಲಿಯೇ ಒಂದು ಎಲೆಕ್ಟ್ರಾನನ್ನು ಹೆಚ್ಚಾಗಿ ಪಡೆದು ಸೂಪರ್ ಆಕ್ಸೈಡ್ ಎಂಬ ನೆಲೆಯಿಲ್ಲದ ರೂಪವನ್ನು ತಾಳುತ್ತದೆ. ಇಂಥ ಅಣುಗಳೂ ಇವುಗಳಿಂದ ಹುಟ್ಟುವ ಇನ್ನೂ ಉಗ್ರವಾದ ಅಣುಗಳೂ ಜೀವಕೋಶದ ಕೊಬ್ಬನ್ನು ಕೆಡಿಸುತ್ತವೆ, ಪ್ರೋಟೀನುಗಳ ಆಕಾರವನ್ನು ಮುರಿಯುತ್ತವೆ, ಅನುವಂಶಿಕ ದ್ರವ್ಯವನ್ನೂ ಬಿಡುವುದಿಲ್ಲ. ಹಳೆಯ ಪಠ್ಯಪುಸ್ತಕಗಳು ಉತ್ಕರ್ಷಣ ಎಂದು ಕರೆದದ್ದು ಇದನ್ನೇ. ಕೇಡಿನ ಪ್ರಮಾಣವು ಕಾಪಿನ ಪ್ರಮಾಣವನ್ನು ಮೀರಿದ ಸ್ಥಿತಿಗೆ ಜರ್ಮನಿಯ ಹೆಲ್ಮುಟ್ ಸೀಸ್ ಎಂಬ ಜೀವರಸಾಯನಶಾಸ್ತ್ರಜ್ಞರು 1985ರಲ್ಲಿ ‘ಆಕ್ಸಿಡೇಟಿವ್ ಸ್ಟ್ರೆಸ್’ ಎಂಬ ಹೆಸರಿಟ್ಟರು. ನಾವು ಅದನ್ನು ಉತ್ಕರ್ಷಣದ ಒತ್ತಡ ಎನ್ನಬಹುದು.

ದೇಹವು ಈ ಕೇಡಿಗೆ ಮೈಯೊಡ್ಡಿ ಸುಮ್ಮನೆ ಕುಳಿತಿರುವುದಿಲ್ಲ. ಸೂಪರ್ ಆಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಕಿಣ್ವ ಆ ನೆಲೆಯಿಲ್ಲದ ಅಣುಗಳನ್ನು ಎರಡೆರಡಾಗಿ ಹಿಡಿದು ಹೈಡ್ರೊಜನ್ ಪೆರಾಕ್ಸೈಡನ್ನಾಗಿ ಮಾಡುತ್ತದೆ. ಅದೂ ನಿರಪಾಯವಾದ ವಸ್ತುವೇನಲ್ಲ. ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಒಡೆದು ನೀರು ಮತ್ತು ಆಮ್ಲಜನಕವಾಗಿಸುತ್ತದೆ. ಸೆಲೆನಿಯಂ ಧಾತುವನ್ನು ಒಡಲಲ್ಲಿಟ್ಟುಕೊಂಡ ಗ್ಲುಟಥಯೋನ್ ಪೆರಾಕ್ಸಿಡೇಸ್ ಎಂಬ ಮೂರನೆಯದು ಅದೇ ಕೆಲಸವನ್ನು ಬೇರೊಂದು ದಾರಿಯಲ್ಲಿ ನಡೆಸುತ್ತದೆ. ಗಾಯದ ಮೇಲೆ ಪೆರಾಕ್ಸೈಡ್ ಸುರಿದಾಗ ಬುರುಬುರು ನೊರೆ ಏಳುವುದನ್ನು ಓದುಗರು ನೋಡಿಯೇ ಇರುತ್ತಾರೆ. ಆ ನೊರೆ ಕ್ಯಾಟಲೇಸಿನ ಕೈಕೆಲಸ. ತರಗತಿಯಲ್ಲಿ ಹಸಿ ಆಲೂಗೆಡ್ಡೆಯ ಹೋಳಿನ ಮೇಲೆ ಅದೇ ದ್ರವವನ್ನು ಹಾಕಿ ತೋರಿಸಿದಾಗ, ಕಡೆಯ ಬೆಂಚಿನ ಹುಡುಗರೂ ಎದ್ದು ಮುಂದೆ ಬರುತ್ತಿದ್ದರು.

ಈ ಕಿಣ್ವಗಳು ಹೊರ ಬೆಂಗಳೂರಿಗೆ ಅಪರಿಚಿತವೇನೂ ಅಲ್ಲ. ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ ಸಂಸ್ಥೆ 1978ರಲ್ಲಿ ಮೊದಲಾದುದೇ ಪರಂಗಿಯ ಹಾಲಿನಿಂದ ಪಪಾಯಿನ್ ಎಂಬ ಕಿಣ್ವವನ್ನು ತೆಗೆಯುವ ಕೆಲಸದಿಂದ. ಅದು ತನ್ನ ಕಿಣ್ವದ ವ್ಯಾಪಾರವನ್ನು 2007ರಲ್ಲಿ ಡೆನ್ಮಾರ್ಕಿನ ನೊವೊಝೈಮ್ಸ್ ಸಂಸ್ಥೆಗೆ ಮಾರಿತು. ಬಟ್ಟೆಯ ಗಿರಣಿಗಳಲ್ಲಿ ಹತ್ತಿಯ ನೂಲನ್ನು ಪೆರಾಕ್ಸೈಡಿನಿಂದ ಬಿಳುಪು ಮಾಡಿದ ಮೇಲೆ, ಉಳಿದ ಪೆರಾಕ್ಸೈಡು ಬಣ್ಣವನ್ನು ಕೆಡಿಸದಂತೆ ತೊಳೆದು ಹಾಕಲು ಕ್ಯಾಟಲೇಸನ್ನು ಬಳಸುತ್ತಾರೆ. ನಮ್ಮ ಯಕೃತ್ತಿನಲ್ಲಿ ಅಹೋರಾತ್ರಿ ನಡೆಯುವ ಕೆಲಸವೇ ಅಲ್ಲಿ ತೊಟ್ಟಿಗಳಲ್ಲಿ ನಡೆಯುತ್ತದೆ. ಗಿರಣಿಯ ತೊಟ್ಟಿಗೆ ಕ್ಯಾಟಲೇಸನ್ನು ಹೊರಗಿನಿಂದ ಸುರಿಯಬಹುದು. ಬಾಯಲ್ಲಿ ನುಂಗಿದ ಕಿಣ್ವವಾದರೋ ಪ್ರೋಟೀನಾದುದರಿಂದ ಹೊಟ್ಟೆಯಲ್ಲಿ ಬೇಳೆಯಂತೆ ಜೀರ್ಣವಾಗಿ ಹೋಗುತ್ತದೆ. ಆದುದರಿಂದಲೇ ಸೀಸೆಗಳಲ್ಲಿ ಹೆಚ್ಚಾಗಿ ತುಂಬುವುದು ಜೀವಸತ್ವ ಇ, ಜೀವಸತ್ವ ಸಿ, ಬೀಟಾ ಕ್ಯಾರೊಟೀನು, ದ್ರಾಕ್ಷಿ ಬೀಜದ ಸಾರ ಮುಂತಾದುವನ್ನು.

ತುಕ್ಕಿನ ಉಪಮೆಗೆ ಶಾಸ್ತ್ರದ ಉಡುಪು ತೊಡಿಸಿದವರು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್. ಮೊದಲು ಎಣ್ಣೆಯ ಕಂಪನಿಯೊಂದರಲ್ಲಿ ರಸಾಯನಜ್ಞರಾಗಿದ್ದು ಆಮೇಲೆ ವೈದ್ಯರಾದ ಇವರು, ಮುಪ್ಪಿಗೆ ಕಾರಣ ಮುಕ್ತ ರ‍್ಯಾಡಿಕಲ್‌ಗಳೇ ಎಂಬ ಸಿದ್ಧಾಂತವನ್ನು 1956ರಲ್ಲಿ ಪ್ರಕಟಿಸಿದರು. ಅದಕ್ಕೆ ಎರಡು ವರ್ಷ ಮೊದಲೇ, 1954ರಲ್ಲಿ, ಅರ್ಜೆಂಟೀನಾದ ರೆಬೆಕಾ ಗರ್ಷ್‌ಮನ್ ಎಂಬ ಮಹಿಳೆ ಮತ್ತು ಅವರ ಸಂಗಡಿಗರು ಅತಿಯಾದ ಆಮ್ಲಜನಕದ ವಿಷವೂ ಕ್ಷಕಿರಣದ ವಿಷವೂ ಒಂದೇ ಬಗೆಯವೆಂದು ತೋರಿಸಿಕೊಟ್ಟಿದ್ದರು. ಆ ಹೆಸರನ್ನು ನೆನೆಯುವವರು ಕಡಿಮೆ. ಹಾರ್ಮನ್ನರ ಮಾತನ್ನು ಮೊದಲು ಯಾರೂ ಹೆಚ್ಚು ಲಕ್ಷಿಸಲಿಲ್ಲ. ಜೀವಂತ ದೇಹದಲ್ಲಿ ಇಂಥ ಅಣುಗಳು ನಿಜವಾಗಿಯೂ ಇವೆಯೇ ಎಂಬುದೇ ಸಂದೇಹವಾಗಿತ್ತು. ಆ ಸಂದೇಹ ಹರಿದುದು 1969ರಲ್ಲಿ. ಹಸುವಿನ ರಕ್ತದಿಂದ 1938ರಲ್ಲಿಯೇ ಬೇರ್ಪಡಿಸಿದ್ದ ತಾಮ್ರದ ಪ್ರೋಟೀನೊಂದು, ಉದ್ಯೋಗವೇನೆಂದು ಗೊತ್ತಾಗದೆ, ಮೂವತ್ತು ವರ್ಷ ಸುಮ್ಮನೆ ಗ್ರಂಥಗಳಲ್ಲಿ ಬಿದ್ದಿತ್ತು. ಅದರ ಕೆಲಸ ಸೂಪರ್ ಆಕ್ಸೈಡನ್ನು ಅಳಿಸುವುದೆಂದು ಡ್ಯೂಕ್ ವಿಶ್ವವಿದ್ಯಾನಿಲಯದ ಇರ್ವಿನ್ ಫ್ರಿಡೊವಿಚ್ ಮತ್ತು ಅವರ ಶಿಷ್ಯ ಜೋ ಮೆಕಾರ್ಡ್ ಕಂಡುಹಿಡಿದರು. ಕಾವಲುಗಾರನನ್ನು ಕಂಡಮೇಲೆ ಕಳ್ಳನಿದ್ದಾನೆಂಬುದನ್ನು ಒಪ್ಪಲೇ ಬೇಕಾಯಿತು. ಅಲ್ಲಿಂದ ಮುಂದೆ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಮುದಿ ಇಲಿಗಳಿಗೆ ಬೇಡಿಕೆ ಬಂದಿತು.

ಬೆಂಗಳೂರಿನಲ್ಲಿ ಈ ಕೆಲಸ ನಡೆದ ಒಂದು ತಾಣವು ಪೀಣ್ಯದಿಂದ ಬಹಳ ದೂರವೇನಿಲ್ಲ. ಗೊರಗುಂಟೆಪಾಳ್ಯದಿಂದ ಹೊರವರ್ತುಲ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ನಾಗರಭಾವಿಯತ್ತ ಹೋದರೆ ಜ್ಞಾನಭಾರತಿಯ ಆವರಣ ಸಿಕ್ಕುತ್ತದೆ. ಅಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮುಪ್ಪಿನ ಅಧ್ಯಯನಕ್ಕೆಂದೇ ಇದ್ದ ಪ್ರಯೋಗಾಲಯದಿಂದ ಎಸ್. ಆಶಾ ದೇವಿಯವರೂ ಅವರ ವಿದ್ಯಾರ್ಥಿಗಳೂ ಈ ಶತಮಾನದ ಮೊದಲ ದಶಕದಲ್ಲಿ ಪ್ರಬಂಧಗಳ ಒಂದು ಸಾಲನ್ನೇ ಪ್ರಕಟಿಸಿದರು. ಅವರ ಪ್ರಶ್ನೆಗಳು ನನಗೆ ಬಹಳ ಹಿಡಿಸಿದುವು, ಏಕೆಂದರೆ ಅವು ಮನೆಯ ಹಿರಿಯರು ಕೇಳುವಂಥ ಪ್ರಶ್ನೆಗಳು. ವಯಸ್ಸಾದ ಮೇಲೆ ವ್ಯಾಯಾಮ ಆರಂಭಿಸಿದರೆ ಪ್ರಯೋಜನವುಂಟೇ? ಎಷ್ಟು ಹೊತ್ತು, ಎಷ್ಟು ಶ್ರಮ? ಅದರ ಜೊತೆಗೆ ಜೀವಸತ್ವ ಇ ಕೊಟ್ಟರೆ ಹೇಗೆ? 2003ರಲ್ಲಿ ಹೊರಬಂದ ಜೋಡಿ ಪ್ರಬಂಧಗಳು, ಆಹಾರದ ಜೀವಸತ್ವ ಇ ಮತ್ತು ವ್ಯಾಯಾಮಗಳಿಂದ ಮುಪ್ಪಾಗುತ್ತಿರುವ ಇಲಿಗಳ ತಾಳಿಕೆ, ರಕ್ತದ ಕೊಬ್ಬು, ಹೃದಯದ ಕಾಪು ಇವುಗಳಲ್ಲಿ ಆಗುವ ಬದಲಾವಣೆಗಳನ್ನು ಅಳೆದುವು. 2004ರ ಪ್ರಬಂಧ ಮುದಿ ಇಲಿಗಳನ್ನು ಬೇರೆ ಬೇರೆ ತೀವ್ರತೆಯಲ್ಲಿ, ಬೇರೆ ಬೇರೆ ಅವಧಿಗೆ ಈಜಿಸಿ ಅವುಗಳ ಹೃದಯದ ಸ್ನಾಯುವಿನಲ್ಲಿ ಕಿಣ್ವಗಳು ಹೇಗೆ ಹೊಂದಿಕೊಳ್ಳುತ್ತವೆಂಬುದನ್ನು ನೋಡಿತು. 2006ರಲ್ಲಿ ಮಿದುಳಿನ ಭಾಗಗಳ ಸರದಿ. 2011ರಲ್ಲಿ, ಜಪಾನಿನ ನಾಓಆಕಿ ಇಶಿಯವರೂ ಸೇರಿ ಬರೆದ ಪ್ರಬಂಧದಲ್ಲಿ, ದ್ರಾಕ್ಷಿ ಬೀಜದ ಸಾರವು ಪ್ರಾಯದ ಮತ್ತು ನಡುವಯಸ್ಸಿನ ಇಲಿಗಳ ಮಿದುಳಿನಲ್ಲಿ ಉತ್ಕರ್ಷಣದ ಒತ್ತಡವನ್ನು ಇಳಿಸಿತೆಂಬ ವರದಿ.

ಹೃದಯದ ಪರೀಕ್ಷೆಯಲ್ಲಿ ಅವರು ಅಳೆದುದರಲ್ಲಿ ಲಿಪೊಫಸ್ಸಿನ್ ಬಗೆಯ ವಸ್ತುವೂ ಒಂದು. ಮುದಿಯಾದ ಜೀವಕೋಶಗಳಲ್ಲಿ, ಮುಖ್ಯವಾಗಿ ಹೃದಯ ಮತ್ತು ನರಗಳ ಕೋಶಗಳಲ್ಲಿ, ಹಳದಿಗೂ ಕಂದುಬಣ್ಣಕ್ಕೂ ನಡುವಣ ಒಂದು ಕಸ ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದನ್ನು ಮೊದಲ ಬಾರಿಗೆ ನೋಡಿದ ವಿದ್ಯಾರ್ಥಿ ‘ಸಾರ್, ಇದು ತುಕ್ಕೇ ಸರಿ’ ಎನ್ನದಿರುವುದು ಅಪರೂಪ. ಉಪಮೆಯ ನಿಜವಾದ ಅರ್ಧ ಇಲ್ಲಿದೆ. ಕೇಡು ಕಟ್ಟುಕಥೆಯಲ್ಲ, ಕಣ್ಣಿಗೆ ಕಾಣುತ್ತದೆ, ಅಳತೆಗೆ ಸಿಕ್ಕುತ್ತದೆ, ವಯಸ್ಸಿನ ಜೊತೆಗೆ ಬೆಳೆಯುತ್ತದೆ. ಆ ಕೇಡು ಮುಪ್ಪಿಗೆ ಕಾರಣವೋ, ಮುಪ್ಪಿನ ಸಂಗಡ ನಡೆಯುವ ನೆರಳೋ ಎಂಬುದು ಬೇರೆಯೇ ಪ್ರಶ್ನೆ. ಕಸ ಕಡಿಮೆಯಾದ ಇಲಿ ಹೆಚ್ಚು ದಿನ ಬದುಕಿತೇ ಎಂಬುದು ಮತ್ತೂ ಬೇರೆಯದು. ಮಾರುವವರ ಕೈಯಲ್ಲಿ ಈ ಮೂರೂ ಒಂದಾಗಿಬಿಡುತ್ತವೆ.

ಹೊರದೇಶದ ಪ್ರಯೋಗಾಲಯಗಳು ಎರಡನೆಯ ಮೂರನೆಯ ಪ್ರಶ್ನೆಗಳನ್ನು ಬೆನ್ನಟ್ಟಿ ಹೋದ ಕಥೆ ಸ್ವಾರಸ್ಯದ್ದು. ಡಿಸ್‌ಮ್ಯುಟೇಸ್ ಮತ್ತು ಕ್ಯಾಟಲೇಸ್ ಎರಡೂ ಹೆಚ್ಚಾಗಿರುವಂತೆ ಮಾಡಿದ ಹಣ್ಣಿನ ನೊಣಗಳು ಮೂರರಲ್ಲಿ ಒಂದು ಪಾಲಿನವರೆಗೂ ಹೆಚ್ಚು ಕಾಲ ಬಾಳಿದುವೆಂದು ಆರ್ ಮತ್ತು ಸೋಹಲ್ ಎಂಬ ವಿಜ್ಞಾನಿಗಳು 1994ರಲ್ಲಿ ಸಾರಿದಾಗ ಹಾರ್ಮನ್ನರ ಮಾತು ಗೆದ್ದಿತೆಂದೇ ತೋರಿತು. ಆದರೆ ಸ್ವಭಾವತಃ ಬಹುಕಾಲ ಬಾಳುವ ನೊಣದ ತಳಿಗಳಲ್ಲಿ ಅದೇ ಪ್ರಯೋಗ ಫಲ ಕೊಡಲಿಲ್ಲ ಎಂಬುದನ್ನು 2003ರಲ್ಲಿ ಹೇಳಿದವರೂ ಅವರೇ. ತಮ್ಮ ಗೆಲುವನ್ನು ತಾವೇ ಒರೆಗೆ ಹಚ್ಚಿ ನೋಡುವ ಇಂಥವರಿಂದ ವಿಜ್ಞಾನಕ್ಕೆ ಮರ್ಯಾದೆ ಉಳಿದಿದೆ. ಇನ್ನು ಚಿಟ್ಟಿಲಿಗಳ ಸಂಗತಿ. ಮೈಟೊಕಾಂಡ್ರಿಯದ ಡಿಸ್‌ಮ್ಯುಟೇಸ್ ಪೂರ್ತಿಯಾಗಿ ಇಲ್ಲದ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತುವು. ಅಂದರೆ ಈ ಕಿಣ್ವವಿಲ್ಲದೆ ಬದುಕಿಲ್ಲ. ಅರ್ಧ ಮಾತ್ರ ಇದ್ದ ಇಲಿಗಳಲ್ಲಿ ಅನುವಂಶಿಕ ದ್ರವ್ಯಕ್ಕೆ ಕೇಡು ಹೆಚ್ಚಿತು, ಅರ್ಬುದವೂ ಹೆಚ್ಚಿತು, ಆಯುಸ್ಸು ಮಾತ್ರ ಇಳಿಯಲಿಲ್ಲ. ಟೆಕ್ಸಾಸಿನ ಸ್ಯಾನ್ ಅಂಟೋನಿಯೋದ ತಂಡವೊಂದು ಮುಖ್ಯವಾದ ಕಾವಲು ಕಿಣ್ವಗಳನ್ನು ಹೆಚ್ಚಿಸಿ ನೋಡಿತು. ಆಯುಸ್ಸು ಏರಲೂ ಇಲ್ಲ. ಅವರು 2009ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯೇ ಈ ಸಿದ್ಧಾಂತ ಸತ್ತಿತೇ ಎಂಬ ಪ್ರಶ್ನೆಯಾಗಿತ್ತು. ಪೂರ್ವ ಆಫ್ರಿಕದಲ್ಲಿ ನೆಲದೊಳಗೆ ಬಿಲ ತೋಡಿ ಬಾಳುವ, ಮೈಮೇಲೆ ಕೂದಲಿಲ್ಲದ ಒಂದು ಜಾತಿಯ ದಂಶಕವಂತೂ ಎಲ್ಲರ ಲೆಕ್ಕವನ್ನೂ ಕೆಡಿಸಿತು. ಅದರ ದೇಹದಲ್ಲಿ ಎಳೆಯ ವಯಸ್ಸಿನಲ್ಲಿಯೇ ಉತ್ಕರ್ಷಣದ ಕೇಡು ಧಾರಾಳವಾಗಿದೆ. ಆದರೂ ಅದು ಮೂವತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ನಮ್ಮ ಪ್ರಯೋಗಾಲಯದ ಇಲಿಯ ಆಯುಸ್ಸು ಎರಡು ಮೂರು ವರ್ಷ.

ಹಾಗೆಂದು ಸಿದ್ಧಾಂತವನ್ನು ಪೂರ್ತಿ ಮಣ್ಣು ಮಾಡುವುದಕ್ಕೂ ಬಾರದು. ಕ್ಯಾಟಲೇಸನ್ನು ಎಲ್ಲೆಡೆ ತುಂಬುವ ಬದಲು ಮೈಟೊಕಾಂಡ್ರಿಯದ ಒಳಗೇ ಇರುವಂತೆ ಮಾಡಿದ ಇಲಿಗಳು ಸರಾಸರಿ ಐದು ತಿಂಗಳು ಹೆಚ್ಚು ಬಾಳಿದುವೆಂದು 2005ರ ಪ್ರಯೋಗ ತೋರಿಸಿತು. ಕಾಪು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯವೆಂದಾಯಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಅವರ ತಂಡವು ವನೇಡಿಯಂ ಆಕ್ಸೈಡಿನ ಅತಿ ಸೂಕ್ಷ್ಮ ತಂತಿಗಳು ಗ್ಲುಟಥಯೋನ್ ಪೆರಾಕ್ಸಿಡೇಸಿನಂತೆಯೇ ಕೆಲಸ ಮಾಡಬಲ್ಲುವೆಂದು 2014ರಲ್ಲಿ ತೋರಿಸಿದುದೂ ಇದೇ ದಾರಿಯ ಹುಡುಕಾಟ. ದಾರಿ ಇನ್ನೂ ನಡೆಯುತ್ತಿದೆ. ಸೀಸೆಗಳ ಮೇಲಿನ ಬರಹವನ್ನು ಓದಿದರೆ ಮಾತ್ರ ಎಲ್ಲರೂ ಊರು ಸೇರಿ ಚಾಪೆ ಹಾಸಿ ಮಲಗಿದಂತೆ ಕಾಣುತ್ತದೆ.

ಕಬ್ಬಿಣಕ್ಕೂ ದೇಹಕ್ಕೂ ಇರುವ ಭೇದವನ್ನು ಮರೆತುದರಿಂದ ಈ ಅನರ್ಥ ಬಂದಿತೆಂದು ನನ್ನ ಅಭಿಪ್ರಾಯ. ಕಬ್ಬಿಣದ ತುಂಡಿಗೆ ಗಾಳಿ ಹತ್ತಿದಷ್ಟೂ ಅದು ಸವೆಯುತ್ತದೆ. ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದಿಲ್ಲ, ಬಂದ ಪೆಟ್ಟಿನಿಂದ ಏನನ್ನೂ ಕಲಿಯುವುದಿಲ್ಲ. ದೇಹಕ್ಕೆ ಮಿತವಾದ ಪೆಟ್ಟು ಬಿದ್ದರೆ ಅದು ಎಚ್ಚರಗೊಂಡು ಕಾವಲನ್ನು ಹೆಚ್ಚಿಸುತ್ತದೆ. ಈಜುವ ಇಲಿಯ ಹೃದಯದಲ್ಲಿ ಕಿಣ್ವಗಳು ಬದಲಾಗುವುದು ಏತರಿಂದ? ಶ್ರಮದಿಂದ ಆಮ್ಲಜನಕದ ಬಳಕೆ ಹೆಚ್ಚಿ, ಕಿಡಿಗಳೂ ಹೆಚ್ಚಿ, ಆ ಕಿಡಿಗಳೇ ಕೋಶಕ್ಕೆ ಸುದ್ದಿ ಮುಟ್ಟಿಸುವುದರಿಂದ. ಸುದ್ದಿಯನ್ನು ತರುವವನನ್ನೇ ಹೊಸ್ತಿಲಲ್ಲಿ ತಡೆದರೆ ಒಳಗಿನವರು ಏಳುವುದು ಹೇಗೆ? ಜರ್ಮನಿಯ ಮಿಖಾಯೆಲ್ ರಿಸ್ಟೋ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯುವಕರು ನಾಲ್ಕು ವಾರ ವ್ಯಾಯಾಮ ಮಾಡಿದರು. ಬರಿಯ ವ್ಯಾಯಾಮ ಮಾಡಿದವರಲ್ಲಿ ಇನ್ಸುಲಿನ್ನಿಗೆ ದೇಹ ಓಗೊಡುವ ಗುಣವೂ ಕಾವಲು ಕಿಣ್ವಗಳೂ ಹೆಚ್ಚಿದುವು. ದಿನಕ್ಕೆ 1000 ಮಿಲಿಗ್ರಾಂ ಜೀವಸತ್ವ ಸಿ ಮತ್ತು 400 ಯೂನಿಟ್ ಜೀವಸತ್ವ ಇ ನುಂಗುತ್ತ ವ್ಯಾಯಾಮ ಮಾಡಿದವರಿಗೆ ಆ ಲಾಭ ದಕ್ಕಲಿಲ್ಲ.

ಜ್ಞಾನಭಾರತಿಯ ಮುದಿ ಇಲಿಗಳಿಗೆ ಜೀವಸತ್ವ ಇ ವ್ಯಾಯಾಮದ ಜೊತೆಗೆ ಒಗ್ಗಿತಲ್ಲ, ಹಾಗಾದರೆ ಇದಾವ ನ್ಯಾಯ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೇಳಬೇಕು. ಮುದಿ ಇಲಿಯ ಹೃದಯ ಬೇರೆ, ಪ್ರಾಯದ ಮನುಷ್ಯನ ತೊಡೆಯ ಸ್ನಾಯು ಬೇರೆ. ಕೊಟ್ಟ ಪ್ರಮಾಣ ಬೇರೆ, ಅಳೆದ ಗುಣ ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ. ಮನುಷ್ಯರ ಮೇಲೆಯೇ ನಡೆದ ದೊಡ್ಡ ಪರೀಕ್ಷೆಗಳ ಫಲವಾದರೋ ಇನ್ನೂ ಗಂಭೀರವಾಗಿದೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ವರದಿ 1994ರಲ್ಲಿ ಬಂದಿತು: ಬೀಟಾ ಕ್ಯಾರೊಟೀನ್ ನುಂಗಿದವರಲ್ಲಿ ಶ್ವಾಸಕೋಶದ ಅರ್ಬುದ ಕಡಿಮೆಯಾಗುವುದಿರಲಿ, ಶೇಕಡಾ 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ 35,533 ಗಂಡಸರನ್ನು ಸೇರಿಸಿಕೊಂಡು ನಡೆಸಿದ ಇನ್ನೊಂದರಲ್ಲಿ, ದಿನಕ್ಕೆ 400 ಯೂನಿಟ್ ಜೀವಸತ್ವ ಇ ಸೇವಿಸಿದವರಿಗೆ ಪ್ರಾಸ್ಟೇಟ್ ಗ್ರಂಥಿಯ ಅರ್ಬುದ ಶೇಕಡಾ 17ರಷ್ಟು ಹೆಚ್ಚಾಯಿತೆಂದು 2011ರಲ್ಲಿ ತಿಳಿದುಬಂದಿತು. ಅತಿಯಾದರೆ ಅಮೃತವೂ ವಿಷವೆಂಬುದನ್ನು ನಮ್ಮ ಅಜ್ಜಿಯರು ಅಂಕಿ ಅಂಶಗಳಿಲ್ಲದೆ ಹೇಳುತ್ತಿದ್ದರು. ಹಣ್ಣು ತರಕಾರಿ ಸೊಪ್ಪುಗಳಲ್ಲಿರುವ ಇದೇ ವಸ್ತುಗಳಿಗೆ ಈ ದೂರು ತಟ್ಟುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಜಗಳವಿರುವುದು ಗುಳಿಗೆಯ ರಾಶಿಯೊಡನೆ.

ಇದೆಲ್ಲ ಪಂಡಿತರ ಚರ್ಚೆ, ನಮಗೇಕೆ ಎಂದರೆ ಹೇಳುತ್ತೇನೆ. ನನ್ನ ಅಕ್ಕ ತುಮಕೂರಿನ ಕಡೆಯ ಹಳ್ಳಿಯಲ್ಲಿ ಬಾಳಿದವರು. ಎಪ್ಪತ್ತು ದಾಟಿದ ಮೇಲೆ ಮಗನ ಮನೆಯಲ್ಲಿ, ವೈಟ್‌ಫೀಲ್ಡಿನ ಹದಿನಾಲ್ಕು ಅಂತಸ್ತಿನ ಕಟ್ಟಡವೊಂದರಲ್ಲಿ ಇದ್ದಾರೆ. ಅಲ್ಲಿ ಹಿರಿಯರಿಗೆಂದು ಒಂದು ಆರೋಗ್ಯ ಶಿಬಿರ ನಡೆಯಿತು. ಬಿಳಿಯ ಕೋಟು ತೊಟ್ಟ ಯುವಕನೊಬ್ಬ ತುಕ್ಕು ಹಿಡಿದ ಮೊಳೆಯ ಚಿತ್ರವನ್ನೂ ಹೊಳೆಯುವ ಮೊಳೆಯ ಚಿತ್ರವನ್ನೂ ತೋರಿಸಿ, ಇಲಿಗಳ ಮೇಲೆ ಸಿದ್ಧವಾದ ವಿಷಯವಿದು ಎಂದು ಹೇಳಿ, ಮೂರು ತಿಂಗಳಿಗಾಗುವಷ್ಟು ಗುಳಿಗೆ ಮಾರಿಹೋದನಂತೆ. ಅಕ್ಕ ನನಗೆ ಫೋನು ಮಾಡಿ ಕೇಳಿದರು: ‘ಇದನ್ನು ನುಂಗಿದರೆ ದಿನಾ ಅಷ್ಟು ನಡೆಯಬೇಕಾಗಿಲ್ಲವಂತೆ, ಹೌದೇನೋ? ಮಂಡಿ ನೋವಲ್ಲಿ ನಡೆಯುವುದು ತಪ್ಪಿದರೆ ಸಾಕಾಗಿದೆ ನನಗೆ.’ ಗುಳಿಗೆಯ ಬೆಲೆ ಹೋದುದಕ್ಕೆ ನನಗೆ ಅಷ್ಟು ಬೇಸರವಿಲ್ಲ, ಮಗ ಸಂಪಾದಿಸುತ್ತಾನೆ. ಆದರೆ ಯಾವ ಇಲಿಗಳ ಹೆಸರು ಹೇಳಿ ಅವರ ನಡಿಗೆಯನ್ನು ಬಿಡಿಸಿದರೋ, ಆ ಇಲಿಗಳು ನೀರಿಗೆ ಇಳಿದು ಈಜಿದ ಇಲಿಗಳು! ಇಲಿಗಳ ಶ್ರಮವನ್ನು ಮರೆಮಾಡಿ, ಅವುಗಳ ಆಹಾರದಲ್ಲಿ ಬೆರೆಸಿದ್ದನ್ನು ಮಾತ್ರ ಮಾರುವುದು ಎಂಥ ವ್ಯಾಪಾರ?

ಆ ಸೀಸೆಯನ್ನು ತರಿಸಿ ನೋಡಿದೆ. ‘ಔಷಧದ ಉಪಯೋಗಕ್ಕಲ್ಲ’ ಎಂಬರ್ಥದ ಮಾತು ಅದರ ಮೇಲೆ ಇಂಗ್ಲಿಷಿನಲ್ಲಿ ಇತ್ತು. ಇಂಥ ಪೂರಕ ಆಹಾರಗಳ ಮೇಲೆ ಆ ಮಾತನ್ನು ಅಚ್ಚು ಮಾಡಲೇ ಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮ ವಿಧಿಸುತ್ತದೆ. ಕಾನೂನು ತನ್ನ ಕೆಲಸವನ್ನು ಮಾಡಿದೆ. ಆದರೆ ಅಕ್ಕನಿಗೆ ಇಂಗ್ಲಿಷು ಬಾರದು. ಅವರಿಗೆ ತಿಳಿಯುವ ಭಾಷೆಯಲ್ಲಿ ಬಂದುದು ಯುವಕನ ಬಾಯ ಮಾತು ಮಾತ್ರ.

ಇಲ್ಲಿ ಇಲಿಯ ಪಕ್ಷದ ಮಾತನ್ನೂ ಒಂದಿಷ್ಟು ಆಡಬೇಕು. ನಮ್ಮವರಿಗೆ ಯಯಾತಿಯ ಕಥೆ ಗೊತ್ತು. 1961ರಲ್ಲಿ ಗಿರೀಶ ಕಾರ್ನಾಡರು ಅದನ್ನು ನಾಟಕ ಮಾಡಿದ ಮೇಲೆ ಕಾಲೇಜಿನ ಹುಡುಗರಿಗೂ ಗೊತ್ತು. ತಂದೆಯ ಮುಪ್ಪನ್ನು ಮಗ ಪೂರು ಹೊತ್ತನು. ನಮ್ಮ ಕಾಲದಲ್ಲಿ ಆ ಹೊರೆಯನ್ನು ಬಿಳಿಯ ಇಲಿ ಹೊತ್ತಿದೆ, ಅದೂ ಯಾರೂ ಅದರ ಒಪ್ಪಿಗೆ ಕೇಳದೆ. ಮುಪ್ಪಿನ ಪ್ರಯೋಗಕ್ಕೆ ಇಲಿಯನ್ನು ಎರಡು ವರ್ಷದ ಹತ್ತಿರ ಸಾಕಬೇಕು; ಅದರ ತುಪ್ಪುಳ ಒರಟಾಗುವುದನ್ನು, ನಡಿಗೆ ನಿಧಾನವಾಗುವುದನ್ನು ಕಣ್ಣಾರೆ ನೋಡಬೇಕು. ಈಜಿಸುವ ಪ್ರಯೋಗಗಳಲ್ಲಿ ಬಾಲಕ್ಕೆ ಸಣ್ಣ ತೂಕ ಕಟ್ಟುವ ರೂಢಿಯೂ ಉಂಟು. ಕೊನೆಗೆ ಹೃದಯ ಮತ್ತು ಮಿದುಳಿನ ಕಿಣ್ವಗಳನ್ನು ಅಳೆಯಬೇಕಾದರೆ ಆ ಪ್ರಾಣಿ ಸಾಯಲೇ ಬೇಕು. ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾನೂನು, ಅದರಡಿಯ 1998ರ ನಿಯಮಗಳು, ಪ್ರತಿ ಸಂಸ್ಥೆಯಲ್ಲಿಯೂ ಇರಬೇಕಾದ ನೀತಿ ಸಮಿತಿ, ಇವೆಲ್ಲ ನಮ್ಮಲ್ಲಿವೆ. ಪ್ರಾಣಿಗಳ ಬದಲಿಗೆ ಬೇರೆ ಉಪಾಯವಿದ್ದರೆ ಅದನ್ನೇ ಹಿಡಿಯಿರಿ, ಸಂಖ್ಯೆಯನ್ನು ಇಳಿಸಿರಿ, ನೋವನ್ನು ಇಳಿಸಿರಿ ಎಂಬ ಸೂತ್ರವನ್ನು ಇಂಗ್ಲೆಂಡಿನ ರಸಲ್ ಮತ್ತು ಬರ್ಚ್ 1959ರಲ್ಲಿಯೇ ಹಾಕಿಕೊಟ್ಟರು. ನಾನು ಈ ಪ್ರಯೋಗಗಳ ವಿರೋಧಿಯಲ್ಲ. ಪ್ರಶ್ನೆ ಗಟ್ಟಿಯಾಗಿದ್ದರೆ ಪ್ರಯೋಗ ನಡೆಯಬೇಕು. ಆದರೆ ಹಾಗೆ ಸತ್ತ ಪ್ರಾಣಿಯ ಸಾಕ್ಷ್ಯವನ್ನು ತಿರುಚಿ ಹೇಳುವವನನ್ನು ತಡೆಯುವ ಸಮಿತಿ ಯಾವುದೂ ಇಲ್ಲ. ಪಂಜರದ ಬಾಗಿಲವರೆಗೆ ನೀತಿಯ ಕಾವಲುಂಟು, ಅಲ್ಲಿಂದ ಅಂಗಡಿಯವರೆಗಿನ ದಾರಿ ಬಯಲು.

ಈ ದಾರಿಯನ್ನು ಕಾಯುವ ಕೆಲಸ ಬರೆಯುವವರದು ಮತ್ತು ಕಲಿಸುವವರದು. ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ವೆಂಬ ಕನ್ನಡ ಪತ್ರಿಕೆಯನ್ನು ನಡೆಸಿ ನೂರು ವರ್ಷಕ್ಕೂ ಮೇಲಾಯಿತು. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಆಗ ಈ ನಾಡಿನಲ್ಲಿ ಇಷ್ಟು ಪ್ರಯೋಗಾಲಯಗಳಿರಲಿಲ್ಲ. ಹೊರಗಿನ ಜ್ಞಾನವನ್ನು ಅವರು ಒಳಗೆ ತರುತ್ತಿದ್ದರು. ಈಗ ನಮ್ಮ ಊರಿನಲ್ಲಿಯೇ, ನಮ್ಮ ತೆರಿಗೆಯ ಹಣದಲ್ಲಿಯೇ ಹುಟ್ಟಿದ ಜ್ಞಾನವು ವಿದೇಶದ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ, ಅಲ್ಲಿಂದ ವ್ಯಾಪಾರಿಯ ಕೈ ಸೇರಿ, ಮೊಳೆಯ ಚಿತ್ರವಾಗಿ ವೈಟ್‌ಫೀಲ್ಡಿಗೆ ಬರುತ್ತದೆ. ಹತ್ತಾರು ಮೈಲಿಯ ದೂರಕ್ಕೆ ಎಷ್ಟೊಂದು ಸುತ್ತು! ಪ್ರಬಂಧ ಬರೆದ ಪ್ರಾಧ್ಯಾಪಕರನ್ನು ನಾನು ದೂರುತ್ತಿಲ್ಲ. ಅವರಿಗೆ ಬಡ್ತಿ ಸಿಕ್ಕುವುದು ಇಂಗ್ಲಿಷಿನ ಪ್ರಬಂಧಗಳಿಂದ. ಕನ್ನಡದ ಒಂದು ಪುಟಕ್ಕೆ ಯಾವ ಅಂಕವೂ ಇಲ್ಲ. ವಿಶ್ವವಿದ್ಯಾನಿಲಯಗಳು ಆ ಒಂದು ಪುಟಕ್ಕೂ ಅಂಕವನ್ನು ಕೊಡಲಿ ಎಂಬುದು ನನ್ನ ಬೇಡಿಕೆ. ಪಿಎಚ್.ಡಿ. ಪ್ರಬಂಧದ ಜೊತೆಗೆ, ಹತ್ತನೆಯ ತರಗತಿ ಓದಿದವನಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆದ ಒಂದು ಪುಟವನ್ನು ಒಪ್ಪಿಸದೆ ಪದವಿ ಕೊಡುವುದಿಲ್ಲವೆಂದು ಒಂದು ವಿಶ್ವವಿದ್ಯಾನಿಲಯ ನಿಯಮ ಮಾಡಿದರೂ ಸಾಕು.

ಅಕ್ಕನ ನಡಿಗೆಯ ವಿಷಯ ಬೇರೆ ಇದೆ. ಗುಳಿಗೆ ಬಿಡಿ, ನಡೆಯಿರಿ ಎಂದು ಫೋನಿನಲ್ಲಿ ಹೇಳುವುದು ಸುಲಭ. ಅವರ ಕಟ್ಟಡದ ಗೇಟಿನ ಹೊರಗೆ ಕಾಲುದಾರಿ ಇಪ್ಪತ್ತು ಗಜ ಹೋಗಿ ಮೋರಿಯ ಒಡೆದ ಕಲ್ಲಿನ ಬಳಿ ನಿಂತುಹೋಗುತ್ತದೆ. ಪೀಣ್ಯದಲ್ಲಿ ಲಾರಿಗಳ ನಡುವೆ ಮುದುಕರು ನಡೆಯುವುದಂತೂ ಸರ್ಕಸ್ಸೇ ಸರಿ. 1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಹುಟ್ಟಿ ಬಹುಕಾಲ ಶಾಂತವಾಗಿದ್ದ ವೈಟ್‌ಫೀಲ್ಡಿನಲ್ಲಿ, ಮುದುಕನೊಬ್ಬ ಸಂಜೆ ಕೋಲು ಹಿಡಿದು ನಿರ್ಭಯನಾಗಿ ಹೋಗಿಬರುವ ಕಾಲವೊಂದಿತ್ತು. ಮುದಿ ಇಲಿಗೆ ಈಜಲು ತೊಟ್ಟಿಯನ್ನಾದರೂ ಕಟ್ಟಿಕೊಟ್ಟಿದ್ದರು. ಅಕ್ಕ ಸದ್ಯಕ್ಕೆ ಕಟ್ಟಡದ ಒಳಗೇ, ಕಾರುಗಳು ನಿಲ್ಲುವ ನೆಲಮಾಳಿಗೆಯಲ್ಲಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಸುತ್ತು ಹಾಕುತ್ತಿದ್ದಾರೆ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ.

ನಾನು ಕೇಳುವ ಆ ಕನ್ನಡದ ಪುಟದಲ್ಲಿ ದೊಡ್ಡ ಮಾತುಗಳೇನೂ ಬೇಡ. ಇಲಿಗಳೆಷ್ಟು, ಅವುಗಳ ವಯಸ್ಸೆಷ್ಟು, ಏನನ್ನು ಎಷ್ಟು ಕೊಟ್ಟರು, ಎಷ್ಟು ವಾರ ಕೊಟ್ಟರು, ಅವು ಈಜಿದುವೇ ಅಥವಾ ಸುಮ್ಮನೆ ಕುಳಿತಿದ್ದುವೇ, ಯಾವ ಅಂಗದಲ್ಲಿ ಯಾವ ಕಿಣ್ವವನ್ನು ಅಳೆದರು, ಅವುಗಳ ಆಯುಸ್ಸನ್ನು ಅಳೆದರೇ ಇಲ್ಲವೇ, ಇಷ್ಟಿದ್ದರೆ ಸಾಕು. ಮುಂದಿನ ಶಿಬಿರಕ್ಕೆ ಬಿಳಿಯ ಕೋಟಿನ ಯುವಕ ಬಂದಾಗ ಅಕ್ಕನಂಥವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಒಂದೊಂದಾಗಿ ಕೇಳಲಿ.